ಕ್ಯಾರಬ್ ಎಂಬ ಖರಾಬು

ಅತ್ತೆಗೊಂದು ಕಾಲ, ಸೊಸೆಗೊಂದು ಕೇಕು ಎಂದು ಗಾದೆಯಿದೆ. ಇಲ್ಲದಿದ್ದರೆ ಇವತ್ತಿನಿಂದ ಇರಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ. ನಡೆದದ್ದು ನಡೆದ ಹಾಗೇ ಇದೆ, ಒಗ್ಗರಣೆಯ ಚಟಪಟ ಮಾತ್ರ ಹೇಳುವವರದು.

ಆ ಮನೆಯಲ್ಲಿ ಇಬ್ಬರು ಸೊಸೆಯರು. ದೊಡ್ಡ ಸೊಸೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೂಗುವವಳು. ಮೈಕು ಬರೀ ಮರ್ಯಾದೆಗೆ. ಅದು ಕೆಟ್ಟು ಕೂತ ದಿನವೂ ಯಾರೂ ಬಸ್ಸು ತಪ್ಪಿಸಿಕೊಂಡದ್ದಿಲ್ಲ. ಆ ಗಂಟಲಿಗೆ ಇನ್ನೊಂದು ವಿದ್ಯೆಯೂ ಒಲಿದಿತ್ತು. ಯಾರ ದನಿಯೇ ಆಗಲಿ, ಒಂದು ಸಲ ಕಿವಿಗೆ ಬಿದ್ದರೆ ಸಾಕು, ಕೆಮ್ಮಿನ ಸಮೇತ ಹಾಗೇ ಭಟ್ಟಿ ಇಳಿಸುತ್ತಿದ್ದಳು. ಇಷ್ಟಾದರೂ ಅವಳ ನಿಜವಾದ ಹೆಮ್ಮೆ ಗಂಟಲಿನದಲ್ಲ, ಕೈಯದು. ಅವಳ ಚಾಕೊಲೇಟ್ ಕೇಕು ಓವನ್ನಿನಿಂದ ಇಳಿಯಿತೆಂದರೆ ಅಕ್ಕಪಕ್ಕದ ಮನೆಯವರಿಗೆ ಸಕ್ಕರೆ ಸಾಲ ಕೇಳುವ ನೆಪ ಹುಟ್ಟುತ್ತಿತ್ತು. ಅತ್ತೆಯ ಹುಟ್ಟುಹಬ್ಬಕ್ಕೆ ಅವಳದೇ ಕೇಕು. ಅದು ಕೇಳಿ ಪಡೆದ ಹಕ್ಕಲ್ಲ, ಸೂರ್ಯ ಹುಟ್ಟಿದಷ್ಟೇ ಸಹಜ.

ಚಿಕ್ಕ ಸೊಸೆ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. "ಸ್ವಲ್ಪ ಬಾಯಿ ತೆಗೀತೀರಾ? ನೋವಾಗಲ್ಲ" ಎಂದು ದಿನವಿಡೀ ಪಿಸುಗುಟ್ಟಿ ಪಿಸುಗುಟ್ಟಿ, ಮನೆಯಲ್ಲಿ ಉಪ್ಪು ಕೇಳುವಾಗಲೂ ಅದೇ ದನಿ. ಅವಳ ಗಂಡ ಲಾರಿ ಓಡಿಸುವವನು. ದೂರದ ಬಾಡಿಗೆಗೆ ಹೋದರೆ ತಿಂಗಳುಗಟ್ಟಲೆ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಎಡವಟ್ಟು ಶುರುವಾದದ್ದು ಅತ್ತೆಯ ನಿದ್ದೆಯಿಂದ. ಸಂಜೆ ಕೇಕು ತಿಂದ ರಾತ್ರಿ ಅವರಿಗೆ ಕಣ್ಣು ಮುಚ್ಚುತ್ತಿರಲಿಲ್ಲ. ಕಾಫಿ, ಟೀ, ಚಾಕೊಲೇಟ್ ಮೂರನ್ನೂ ಸಂಜೆಯ ಮೇಲೆ ಮುಟ್ಟಬೇಡಿ ಎಂದರು ಡಾಕ್ಟರು. ಮಾರನೆಯ ವಾರವೇ ಚಿಕ್ಕ ಸೊಸೆ ಒಂದು ಕಂದು ಪುಡಿ ತಂದು, ಅಡುಗೆಮನೆಯ ಮೂಲೆಯಲ್ಲಿದ್ದ ಖಾಲಿ ಸ್ಟೀಲ್ ಡಬ್ಬಿಗೆ ತುಂಬಿದಳು. ಒಲೆಯ ಪಕ್ಕ ದೊಡ್ಡವಳ ಕೋಕೋ ಇಟ್ಟಿದ್ದ ಡಬ್ಬಿಯೂ ಅಂಥದೇ, ಒಂದೇ ಅಂಗಡಿಯಲ್ಲಿ ಕೊಂಡ ಜೋಡಿ.

"ಇದು ಕ್ಯಾರಬ್ ಅಕ್ಕ. ಒಂದು ಮರದ ಕಾಯಿ. ಒಣಗಿಸಿ, ಹುರಿದು, ಪುಡಿ ಮಾಡ್ತಾರೆ. ಕೋಕೋ ಬದಲಿಗೆ ಅಷ್ಟೇ ಅಳತೆ ಹಾಕಬಹುದು. ಹುಟ್ಟಾ ಸಿಹಿ, ಸಕ್ಕರೆ ಕಡಿಮೆ ಸಾಕು. ನಿದ್ದೆ ಕೆಡಿಸೋದು ಏನೂ ಇಲ್ಲ ಇದರಲ್ಲಿ."

"ಏನಂದೆ? ಖರಾಬಾ?"

"ಕ್ಯಾರಬ್."

"ಅದೇ ಕಣೇ, ಖರಾಬ್. ತನ್ನ ಗುಣ ತಾನೇ ಹೇಳ್ಕೊಂಡು ಬಂದಿದೆ. ಪಾಪ, ಸತ್ಯವಂತ ಪುಡಿ."

ಅಂದಿನಿಂದ ಅದಕ್ಕೆ ಖರಾಬು ಎಂದೇ ಹೆಸರಾಯಿತು. ಚಿಕ್ಕವಳ ಪಿಸುದನಿಯನ್ನು ಮೂಗಿನ ತುದಿಗೆ ತಂದುಕೊಂಡು "ಅತ್ತೇ, ಸ್ವಲ್ಪ ಬಾಯಿ ತೆಗೀತೀರಾ? ಖರಾಬ್ ಕೇಕು ಹಾಕ್ತೀನಿ, ನೋವಾಗಲ್ಲ" ಎಂದು ದೊಡ್ಡವಳು ಆಡಿ ತೋರಿಸಿದರೆ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಕ್ಕು ಮುಗಿಸಿ ಚಿಕ್ಕವಳು ಮಾಡಿದ ಕೇಕಿನ ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತಿದ್ದರು. ಅದನ್ನೇ ದೊಡ್ಡವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ತಿಂದವರು ಸುಮ್ಮನೆ ತಿಂದರೆ ಸರಿ, ಬೆರಳು ಬೇರೆ ನೆಕ್ಕುವುದೆ? ತನ್ನ ಕೇಕು ತಿಂದು ಈ ಮಹಾತಾಯಿ ಎಂದಾದರೂ ಬೆರಳು ನೆಕ್ಕಿದ್ದುಂಟೆ? ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು! ಮೇಲಾಗಿ ಬೆಳಿಗ್ಗೆ ಎದ್ದು "ಎಂಥಾ ನಿದ್ದೆ ಬಂತು ಅಂತೀಯ" ಎಂದು ಮೈ ಮುರಿಯುವುದು ಬೇರೆ. ಅವರು ನಿದ್ದೆ ಮಾಡಿದಷ್ಟೂ ಇವಳಿಗೆ ನಿದ್ದೆ ಹಾರುತ್ತಿತ್ತು.

ಓವನ್ನು ಬಿಸಿಯಾಗಲು ಸ್ವಲ್ಪ ಹೊತ್ತಾದರೂ ಬೇಕು, ದೊಡ್ಡವಳ ಹೊಟ್ಟೆಕಿಚ್ಚಿಗೆ ಅಷ್ಟೂ ಬೇಕಿರಲಿಲ್ಲ. ಆ ಕೇಕಿನ ಒಂದು ಚೂರನ್ನೂ ಬಾಯಿಗಿಡುವುದಿಲ್ಲ ಎಂದು ಹಟ ಹಿಡಿದಳು. ಘಮ ಬಂದರೆ ಒಣಗದ ಬಟ್ಟೆ ಎತ್ತಲು ಮಹಡಿಗೆ ಓಡುತ್ತಿದ್ದಳು. ಒಂದು ದಿನವಂತೂ ನಿಲ್ದಾಣದ ಮೈಕಿನಲ್ಲಿ "ಮುಂದಿನ ಕೇಕು ಇನ್ನೇನು ಹೊರಡಲಿದೆ" ಎಂದುಬಿಟ್ಟಳು. ಜನ ಬಸ್ಸು ಬಿಟ್ಟು ಸುತ್ತಮುತ್ತ ಹುಡುಕಿದರು.

ಹೀಗಿರುವಾಗ ಅತ್ತೆಯ ಹುಟ್ಟುಹಬ್ಬ ಹತ್ತಿರ ಬಂತು.

"ಈ ಸಲ ಚಿಕ್ಕವಳೇ ಮಾಡ್ಲಿ ಬಿಡೇ" ಎಂದರು ಅತ್ತೆ. "ವರ್ಷವೆಲ್ಲಾ ಕೂಗಿ ಕೂಗಿ ಸುಸ್ತಾಗಿರ್ತೀಯ. ನೀನು ಆರಾಮಾಗಿ ಕೂತ್ಕೋ."

"ಆಗ್ಲಿ ಅತ್ತೆ. ಅದಕ್ಕೇನಂತೆ" ಎಂದಳು ದೊಡ್ಡವಳು. ಆರಾಮಾಗಿ! ಕುರ್ಚಿಯಿಂದ ಇಳಿಸುವವರೂ ಆರಾಮಾಗಿ ಕೂತ್ಕೋ ಅಂತಲೇ ಅನ್ನುತ್ತಾರೆ. ಇವತ್ತು ಕೇಕು ಕೈ ಬಿಟ್ಟಿತು, ನಾಳೆ ಸೌಟು, ನಾಡಿದ್ದು ಅತ್ತೆಯ ಪಕ್ಕದ ಜಾಗ. ಆಮೇಲೆ ಈ ಮನೆಯಲ್ಲಿ ತಾನು ಯಾರು? ಬಂದು ಹೋಗುವ ಬಸ್ಸಿನ ಹೊತ್ತು ಹೇಳುವವಳು, ಅಷ್ಟೆ. ಯೋಚಿಸುತ್ತ ಯೋಚಿಸುತ್ತ, ಇಷ್ಟು ದಿನ ಬರೀ ಕೋಕೋ ಹಾಕಿದವಳು ಈಗ ಕೊಕ್ಕೆ ಹಾಕಲು ನಿರ್ಧರಿಸಿದಳು.

ಉಪಾಯ ಸುಲಭವಾಗಿತ್ತು. ಹುಟ್ಟುಹಬ್ಬದ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಒಲೆಯ ಪಕ್ಕದ ಡಬ್ಬಿಯನ್ನು ಮೂಲೆಗಿಟ್ಟು, ಮೂಲೆಯದನ್ನು ಒಲೆಯ ಪಕ್ಕಕ್ಕೆ ತಂದಳು. ಚಿಕ್ಕವಳು ಮೂಲೆಗೆ ಕೈ ಹಾಕುತ್ತಾಳೆ, ಕೋಕೋ ಬೀಳುತ್ತದೆ. ಎಲ್ಲರೂ ಆಹಾ ಕ್ಯಾರಬ್, ಓಹೋ ಕ್ಯಾರಬ್ ಎಂದು ಹೊಗಳಿ ಸುಸ್ತಾದ ಮೇಲೆ ಎದ್ದು ನಿಂತು ಗುಟ್ಟು ಬಿಚ್ಚುವುದು. ಅತ್ತೆಯ ನಿದ್ದೆ? ತಿನ್ನುವುದು ಮಧ್ಯಾಹ್ನ ತಾನೆ, ರಾತ್ರಿಯೊಳಗೆ ಇಳಿಯುತ್ತದೆ ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕಾವಲಿಗೆಂದು ತಾನೇ ಪಾತ್ರೆ ತೊಳೆಯಲು ನಿಂತಳು. ಕಟ್ಟೆಯ ತುಂಬ ಪಾತ್ರೆ ಹರಡಿದ್ದರಿಂದ ಚಿಕ್ಕವಳು ಹೊರಗಿನ ಮೇಜಿನ ಮೇಲೆ ಮೊಟ್ಟೆ, ಬೆಣ್ಣೆ ಕಲೆಸುತ್ತಿದ್ದಳು. ಕೈಯೆಲ್ಲ ಅಂಟು. ಹಿಂದಿನ ರಾತ್ರಿಯಷ್ಟೇ ಊರು ಸೇರಿದ್ದ ಗಂಡನನ್ನು ಕರೆದು, ಒಂದು ಬಟ್ಟಲು ಪುಡಿ ತರಲು ಹೇಳಿದಳು. ಲಾರಿಯ ಇಂಜಿನ್ ಪಕ್ಕ ಕೂತು ಪಳಗಿದ ಕಿವಿಗೆ ಅವಳ ಪಿಸುಮಾತಿನಲ್ಲಿ ಹತ್ತಿದ್ದು 'ಪುಡಿ' ಒಂದೇ. ಅವನು ಬಟ್ಟಲು ಹಿಡಿದು ಒಳಗೆ ಬಂದ.

"ಅತ್ತಿಗೆ, ಕೇಕಿನ ಪುಡಿ ಎಲ್ಲಿದೆ?"

ನಲ್ಲಿ ಸುರಿಯುತ್ತಿತ್ತು. ದೊಡ್ಡವಳು ತಿರುಗದೆ, ತಿಂಗಳುಗಳಿಂದ ನಾಲಿಗೆಗೆ ಅಂಟಿದ್ದ ಮಾತನ್ನೇ ಹೇಳಿದಳು. "ಎರಡು ಡಬ್ಬಿ ಇದೆ ನೋಡು. ಒಲೆ ಪಕ್ಕದ್ದು ನಂದು. ಮೂಲೇಲಿರೋದು ಖರಾಬು."

"ಓ, ಹಂಗಾ" ಎಂದ ಅವನು. ಬಟ್ಟಲು ತುಂಬಿಸಿಕೊಂಡು ಹೋದ. ಡಬ್ಬಿಯ ಮುಚ್ಚಳದ ಸದ್ದು ಕೇಳಿ ದೊಡ್ಡವಳು ನೊರೆಗೈಯಲ್ಲೇ ಒಳಗೊಳಗೆ ನಕ್ಕಳು.

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತರು. ದೊಡ್ಡವಳ ಗಂಡನೂ ಇದ್ದ, ಆದರೆ ತಿನ್ನುವಾಗ ಮಾತಾಡದವರ ಪೈಕಿ, ಇದ್ದರೂ ಲೆಕ್ಕವಿಲ್ಲ. ಅತ್ತೆ ಕೇಕು ಕತ್ತರಿಸಿದರು, ತಿಂದರು, ನಿರೀಕ್ಷೆಯಂತೆ ಬೆರಳು ನೆಕ್ಕಿದರು.

"ನಿನ್ನ ಕ್ಯಾರಬ್ ಕೇಕು ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ ಕಣೇ!"

ದೊಡ್ಡವಳು ಎದ್ದು ನಿಂತಳು. ಚಮಚವನ್ನು ಮೈಕಿನಂತೆ ಹಿಡಿದಳು.

"ಪ್ರಯಾಣಿಕರ ಗಮನಕ್ಕೆ! ಚಿಕ್ಕ ಸೊಸೆಯ ಹೆಸರಿನಲ್ಲಿ ಈಗ ತಾನೇ ನಿಮ್ಮ ಹೊಟ್ಟೆಗೆ ಬಂದಿಳಿದ ಕೇಕು ಹೊರಟಿದ್ದು ದೊಡ್ಡ ಸೊಸೆಯ ಕೋಕೋ ಡಬ್ಬಿಯಿಂದ! ಡಬ್ಬಿ ಬದಲಾಯಿಸಿದ್ದು ನಾನೇ!"

ಅತ್ತೆಯ ಬೆರಳು ಬಾಯಲ್ಲೇ ನಿಂತಿತು. ಚಿಕ್ಕವಳ ಮುಖ ಬಿಳಿಚಿಕೊಂಡಿತು. "ಅಕ್ಕಾ... ನಿಜವಾಗ್ಲೂನಾ? ಅತ್ತೆಗೆ ರಾತ್ರಿ..."

"ಏನೂ ಆಗಲ್ಲ ಸುಮ್ಮನಿರು. ಈಗ ಗೊತ್ತಾಯ್ತಾ ಬೆರಳು ನೆಕ್ಕಿದ್ದು ಯಾವ ರುಚಿಗೆ ಅಂತ?" ಎನ್ನುತ್ತ ದೊಡ್ಡವಳು ದೊಡ್ಡ ತುಂಡೊಂದನ್ನು ತಟ್ಟೆಗೆ ಹಾಕಿಕೊಂಡಳು. ತನ್ನ ಕೋಕೋ ತಾನೆ, ಹಟಕ್ಕೆ ಭಂಗವಿಲ್ಲ. ಬಾಯಿಗಿಟ್ಟಳು. ಒಂಚೂರು ಬೇರೆ ಅನ್ನಿಸಿತು, ಕಹಿಯೇ ಇಲ್ಲ. ಆದರೆ ಬಿಟ್ಟ ಬಾಣ, ಕೂಗಿದ ಬಸ್ಸು ಹಿಂದಕ್ಕೆ ಬರುತ್ತವೆಯೆ?

"ಆಹಾ! ಇದಪ್ಪಾ ಚಾಕೊಲೇಟು. ಎಷ್ಟು ಮೃದು! ಎಂಥಾ ಘಮ! ಆ ನಿನ್ನ ಕಾಯಿಪುಡಿ ಇದರ ಕಾಲ ಧೂಳಿಗೂ ಸಮ ಇಲ್ಲ. ತಿಂದು ನೋಡದೆಯೇ ಹೇಳ್ತೀನಿ." ತುಂಡು ಮುಗಿಯಿತು. ಇನ್ನೊಂದು ಹಾಕಿಕೊಂಡಳು. ಅದೂ ಮುಗಿಯಿತು. ಅರಿವಿಲ್ಲದೆ ಬೆರಳನ್ನೂ ನೆಕ್ಕಿಬಿಟ್ಟಳು.

ಮೈದುನ ತಲೆ ಕೆರೆದುಕೊಂಡ. "ಅತ್ತಿಗೆ, ನೀವು ಬದಲಾಯಿಸಿದ್ದು ಅಂದ್ರೆ... ಕೋಕೋ ಇದ್ದಿದ್ದು ಮೂಲೇಲಾ?"

"ಹೂಂ ಮತ್ತೆ! ಅದರಿಂದ್ಲೇ ತಾನೇ ನೀನು ತಗೊಂಡಿದ್ದು?"

"ಮೂಲೇದು ಖರಾಬು ಅಂದ್ರಲ್ಲ ನೀವು! ಕೆಟ್ಟೋಗಿರೋದನ್ನ ಅಮ್ಮನ ಹುಟ್ಟುಹಬ್ಬಕ್ಕೆ ಹಾಕೋದಾ ಅಂತ ಅದನ್ನ ಮುಟ್ಲೇ ಇಲ್ಲ. ಒಲೆ ಪಕ್ಕದ್ದನ್ನೇ ತಗೊಂಡೆ."

ಚಿಕ್ಕವಳು ಎದ್ದು ಹೋಗಿ ಎರಡೂ ಡಬ್ಬಿ ತಂದು ಮೇಜಿನ ಮೇಲಿಟ್ಟು, ಒಲೆಯ ಪಕ್ಕದ್ದನ್ನು ದೊಡ್ಡವಳ ಮುಂದೆ ಸರಿಸಿದಳು. ದೊಡ್ಡವಳು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಸಿಹಿ. ತಿಂಗಳುಗಳಿಂದ ಬಾಯಿಗಿಡದ ಪುಡಿ. ಈಗ ಎರಡು ತುಂಡು ಹೊಟ್ಟೆಯಲ್ಲಿ, ಹೊಗಳಿದ್ದು ಊರಿಗೆಲ್ಲಾ ಕೇಳುವಷ್ಟು. ಅವಳ ಕಿವಿ ಕೆಂಪಾಯಿತು. ನೆಲದ ಕಡೆ ನೋಡಿದಳು. ಅತ್ತೆಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಆಗ ಯಾರೂ ಎಣಿಸದ್ದು ಆಯಿತು. ಚಿಕ್ಕವಳು ಗಂಟಲು ಸರಿಮಾಡಿಕೊಂಡಳು. ದೊಡ್ಡವಳಂತೆಯೇ ಎದೆ ಸೆಟೆಸಿ ನಿಂತು, ಅದೇ ರಾಗ, ಅದೇ ಎಳೆತ, ಗಾಜು ಅದುರುವ ಅದೇ ದನಿಯಲ್ಲಿ ಕೂಗಿದಳು:

"ಪ್ರಯಾಣಿಕರ ಗಮನಕ್ಕೇ! ನಮ್ಮ ಅಕ್ಕನವರು ಎರಡನೇ ತುಂಡು ಮುಗಿಸಿದ್ದಾರೇ! ಮೂರನೆಯದು ಹೊರಡಲು ಸಿದ್ಧವಾಗಿದೇ! ದಯವಿಟ್ಟು ನೂಕುನುಗ್ಗಲು ಮಾಡಬಾರದೂ!"

ಮೈದುನ ಮೊದಲು ನಕ್ಕ, ಆಮೇಲೆ ಅತ್ತೆ. ತಿನ್ನುವಾಗ ಮಾತಾಡದ ಗಂಡನೂ ಬಾಯಿಂದ ಕೇಕಿನ ಚೂರು ಸಿಡಿಸಿಕೊಂಡು ನಕ್ಕ.

"ಎಲಾ ಕಳ್ಳಿ! ಇಷ್ಟು ದಿನ ಈ ಗಂಟಲನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ತಟ್ಟೆ ಚಾಚಿದಳು ದೊಡ್ಡವಳು. "ಹಾಕು, ಹಾಕು, ಮೂರನೇದು ಯಾಕೆ ಕಾಯ್ಬೇಕು!" ಎನ್ನುವಷ್ಟರಲ್ಲಿ ನಗು ಒತ್ತರಿಸಿ ಬಂತು. ಮಾತು ಅಲ್ಲೇ ನಿಂತಿತು. ತಟ್ಟೆ ಕೆಳಗಿಟ್ಟಳು, ಹೊಟ್ಟೆ ಹಿಡಿದುಕೊಂಡಳು, ಕುರ್ಚಿ ಸಾಲದೆ ನೆಲದ ಮೇಲೇ ಕೂತಳು. ಉಳಿದವರೆಲ್ಲ ನಕ್ಕು ದಣಿದು ನೀರು ಕುಡಿಯುತ್ತಿದ್ದರೂ ಅವಳದು ನಿಲ್ಲಲಿಲ್ಲ. ಎದುರು ಮನೆಯ ಕಿಟಕಿ ತೆರೆಯಿತು, ಪಕ್ಕದ ಮನೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ಅತ್ತೆ ಅವಳ ಬೆನ್ನು ತಟ್ಟುತ್ತ ಪಕ್ಕದಲ್ಲೇ ಕೂತರು, ಅವಳು ನಗುತ್ತಲೇ ಇದ್ದಳು.