ಅಕ್ಕನ ರುಬಾಟೊ

ಅಕ್ಕ ಮತ್ತೆ ಅದೇ ಪದದ ಮೇಲೆ ನಿಂತಳು, ಪಿಯಾನೊ ನುಡಿಸುತ್ತಿದ್ದ ತಂಗಿಯ ಬೆರಳುಗಳೂ ನಿಂತವು, ಕಾಯುವುದು ಇವಳಿಗೆ ಹೊಸದೇ, ಅಕ್ಕ ಹಾಡುವುದು ತಾನು ಕಾಯುವುದು, ಇಷ್ಟು ವರ್ಷದ ಕಸುಬೇ ಅದು — ಆದರೆ ಇದು ಹಾಡಿನ ನಿಲುಗಡೆಯಲ್ಲ, ಉಸಿರಿನದು, ಎದೆಯೊಳಗೆ ತರಗೆಲೆ ಸರಿದಂಥ ಸದ್ದು, ಖಾಲಿ ಸಭಾಂಗಣದ ಮುಂದಿನ ಸಾಲಲ್ಲಿ ಕೂತು ತಾಲೀಮು ನೋಡುತ್ತಿರುವ ನಿರ್ದೇಶಕರಿಗೆ ಅದು ಕೇಳಿಸದು, ಅವರು ತಲೆದೂಗುತ್ತಾರೆ, ಎಂಥಾ ರುಬಾಟೊ ರೀ, ಹೀಗೆ ಎಳೆಯೋದು ಎಲ್ಲರಿಗೂ ಬರಲ್ಲ, ಅಕ್ಕ ನಗುತ್ತಾಳೆ, ಉಸಿರಿಲ್ಲದ ನಗು, ರುಬಾಟೊ ಅಂದರೆ ಕದ್ದದ್ದು, ಚಿಕ್ಕಂದಿನಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು, ಒಂದು ಸ್ವರಕ್ಕೆಂದು ಕದ್ದ ಕಾಲವನ್ನ ಮುಂದೆ ವಾಪಸು ಕೊಡಬೇಕು ಮಕ್ಕಳೇ, ಆಗ ಅಕ್ಕ ಕಿಸಕ್ಕನೆ ನಕ್ಕು, ಕೊಡದಿದ್ರೆ ಪೊಲೀಸ್ ಬರ್ತಾರಾ ಸಾರ್ — ಈಗ ಎಲ್ಲಿ ಕೊಡುತ್ತಾಳೆ, ಕದಿಯುತ್ತಲೇ ಇದ್ದಾಳೆ, ಮೊದಮೊದಲು ಸಾಲಿನ ಕೊನೆಯಲ್ಲಿ ಮಾತ್ರ, ಈಗೀಗ ಪದಪದಕ್ಕೂ, ಮೆಟ್ಟಿಲು ಹತ್ತುವಾಗ ಚಪ್ಪಲಿ ಪಟ್ಟಿ ಸರಿಮಾಡುವ ನೆಪ ತೆಗೆದು ನಿಲ್ಲುತ್ತಾಳೆ, ಡಾಕ್ಟರಿಗೆ ತೋರಿಸೋಣ ಬಾರೇ ಅಂದರೆ, ಸುಮ್ನಿರೇ, ನಾಳೆ ಕಾರ್ಯಕ್ರಮ ಮುಗೀಲಿ, ನೀನು ಕಾಯ್ತೀಯಲ್ಲ, ಯಾರಿಗೂ ಗೊತ್ತಾಗಲ್ಲ, ಹೌದು, ಅವಳು ಬಚ್ಚಿಟ್ಟುಕೊಂಡಿರುವುದು ತನ್ನ ಈ ಬೆರಳುಗಳ ಮರೆಯಲ್ಲೇ, ತಾನು ಕಾದಷ್ಟೂ ಅವಳದು ಕಲೆಯಾಗಿ ಕಾಣುತ್ತದೆ, ತಾನು ಕಾದಷ್ಟೂ ಅವಳು — ಮುಂದಿನದನ್ನು ಮನಸ್ಸು ಬಾಯಿಬಿಟ್ಟು ಹೇಳಲಿಲ್ಲ, ಇನ್ನೊಂದ್ಸಲ ಮೊದಲಿಂದ ಅಂದರು ನಿರ್ದೇಶಕರು, ಸ್ವರಗಳ ಹಾಳೆಯ ಮೇಲೆ ತೆನೂಟೊ, ಹಿಡಿದಿಡು ಅಂತ, ಇವಳು ಹಿಡಿಯಲಿಲ್ಲ, ಬೆರಳು ಗಡಿಯಾರದ ಹಾಗೆ ನಡೆದವು, ಅಕ್ಕ ಹಿಂದೆ ಬಿದ್ದಳು, ಓಡೋಡಿ ಬಂದು ಸೇರಿಕೊಳ್ಳಲು ನೋಡಿದಳು, ತಡಿಯೇ ಎಂದು ಕಣ್ಣಲ್ಲೇ ಬೇಡಿದಳು, ನಿಲ್ಲಬೇಡ, ನಿಲ್ಲಬೇಡ ಎಂದು ಇವಳು ತನಗೆ ತಾನೇ ಹೇಳಿಕೊಂಡಳು, ದನಿ ಒಡೆಯಿತು, ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ, ನಿರ್ದೇಶಕರು ಎದ್ದು ಓಡಿಬಂದರು, ಏನಾಯ್ತಮ್ಮಾ, ಎಷ್ಟು ದಿನದಿಂದ ಹೀಗೆ, ಅಕ್ಕ ಪಿಯಾನೊದ ಅಂಚು ಹಿಡಿದು ತಂಗಿಯನ್ನೇ ನೋಡಿದಳು, ಹೇಳಿಬಿಟ್ಟೆಯಲ್ಲೇ, ಅಷ್ಟೇ, ಅದೂ ಪಿಸುದನಿಯಲ್ಲಿ, ಪರದೆಯ ಹಿಂದಿನಿಂದ ಯಾರೋ ನೀರು ತಂದರು, ಯಾರೋ ಆಸ್ಪತ್ರೆಗೆ ಫೋನು ಹಚ್ಚಿದರು, ಇವಳು ಅಂಚು ಹಿಡಿದ ಅಕ್ಕನ ಕೈಯ ಮೇಲೆ ಕೈಯಿಡಲು ಹೋದಳು, ಕೈ ಸರಿಯಿತು, ಅಕ್ಕನನ್ನು ಹಿಡಿದು ನಡೆಸಿಕೊಂಡು ಹೋದರು, ಎದ್ದು ಹಿಂದೆ ಹೋಗಬೇಕು, ಹೋಗಬೇಕು, ಕರಿ ಮರದ ಅಂಚಿನಲ್ಲಿ ಬೆವರಿನ ಗುರುತು, ಅಕ್ಕನ ಬೆರಳಿನದು, ಆರುತ್ತಿದೆ, ಹೋಗಬೇಕು, ಬೆರಳಿನ ಗುರುತು, ಒದ್ದೆ ಗುರುತು, ಆರುತ್ತಿದೆ —