ಹೊರಕ್ಕೇ ಸರಿಯುವ ಗುಂಡು

ಮೊಮ್ಮಗಳ ಅಂಗಿಯಿಂದ ಮತ್ತೆ ಹಂದಿಕೊಬ್ಬಿನ ವಾಸನೆ ಬಡಿಯುತ್ತಿತ್ತು. ಫಂಗ್ ಅಜ್ಜಿ ಅದನ್ನು ಮೂಗಿಗೆ ಹಿಡಿದು ಇನ್ನೊಮ್ಮೆ ಮೂಸಿದಳು. ತನ್ನ ಒಲೆಯ ಮೇಲೆ ಕೊಬ್ಬು ಕರಗಿ ತಿಂಗಳಾಗಿತ್ತು.

ಮೂರನೇ ತರಗತಿಯ ಯುಶಾನ್ ವಯಸ್ಸಿಗೆ ಮೀರಿ ದಪ್ಪಗಾಗಿದ್ದಾಳೆಂದು ಶಾಲೆಗೆ ಬಂದ ಡಾಕ್ಟರು ಹೇಳಿ ಹೋಗಿದ್ದರು. ದೂರದ ವೆನ್‌ಝೌನ ಬೂಟಿನ ಕಾರ್ಖಾನೆಯಲ್ಲಿದ್ದ ಸೊಸೆ ಹುಯಿಲಾನ್ ಫೋನಿನಲ್ಲೇ ತೀರ್ಪು ಕೊಟ್ಟಳು: "ಬೇಸಿಗೆ ಹಬ್ಬದಲ್ಲಿ ಮಕ್ಕಳನ್ನ ತೂಗೋ ಹೊತ್ತಿಗೆ ತೂಕ ಇಳಿದಿರ್ಬೇಕು ಅತ್ತೆ. ಇಲ್ದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅಂದಿನಿಂದ ಎರಡನೇ ಬಟ್ಟಲು ಅನ್ನ ನಿಂತಿತು. ಊಟಕ್ಕೆ ಕೂತಾಗೆಲ್ಲ ಅಜ್ಜಿ ಹೆದರಿಸುತ್ತಿದ್ದಳು, "ಇಳೀಲಿಲ್ಲ ಅಂದ್ರೆ ನಿಮ್ಮಮ್ಮ ಬಂದು ಎಳ್ಕೊಂಡು ಹೋಗ್ತಾಳೆ ನೋಡು!" ಯುಶಾನ್ ಖಾಲಿ ಬಟ್ಟಲನ್ನೇ ನೋಡುತ್ತಿದ್ದಳು. ಕೆನ್ನೆ ಮಾತ್ರ ಕರಗಲಿಲ್ಲ.

ಯಾರೋ ತಿನ್ನಿಸುತ್ತಿದ್ದಾರೆ. ಶಾಲೆ ಬಾಗಿಲಿನ ಅಂಗಡಿಯವನೋ? ಅವನು ಸಾಲ ಕೊಡುವ ಪೈಕಿಯಲ್ಲ. ಹಾಗಾದರೆ ಪಕ್ಕದ ಮನೆಯ ಆಲಿಯನ್. ಕೊಬ್ಬಿನಲ್ಲಿ ಅಕ್ಕಿಬಿಲ್ಲೆ ಹುರಿಯುವವಳು ಓಣಿಗೆ ಅವಳೊಬ್ಬಳೇ. ಅವಳ ಮೊಮ್ಮಕ್ಕಳು ಪಟ್ಟಣ ಸೇರಿದ್ದರು. ನನ್ನ ಮನೆಯೂ ಬರಿದಾಗಲಿ ಎಂಬ ಹೊಟ್ಟೆಕಿಚ್ಚು ಇರಬೇಕು. ಬೇಲಿಯಾಚೆ ಬಾಣಲೆ ಚುರ್ರೆಂದಾಗಲೆಲ್ಲ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು.

ಬೇಸಿಗೆ ಕಾಲಿಟ್ಟ ದಿನ ಊರ ಗುಡಿಯ ತೊಲೆಗೆ ದೊಡ್ಡ ತೂಗುಕೋಲು ಕಟ್ಟಿದರು. ಹಬ್ಬಕ್ಕೆಂದು ಬೇಯಿಸಿದ ಮೊಟ್ಟೆಯ ಬಲೆಚೀಲವನ್ನು ಕೊರಳಿಗೆ ನೇತುಹಾಕಿಕೊಂಡ ಮಕ್ಕಳು ಒಬ್ಬೊಬ್ಬರಾಗಿ ಕೋಲಿನ ಕೊಕ್ಕೆಗೆ ತೂಗಿಬಿಟ್ಟ ಬುಟ್ಟಿಯಲ್ಲಿ ಕೂತರು. ಕೋಲಿನ ಗೆರೆಗಳ ಮೇಲೆ ಜಾರುವ ತೂಕದ ಗುಂಡನ್ನು ಮನೆಯ ಹಿರಿಯರೇ ಸರಿಸಬೇಕು. ಹೊರಕ್ಕೆ ಸರಿಸಬಹುದು, ಒಳಕ್ಕೆ ಎಳೆಯುವಂತಿಲ್ಲ. ಎಳೆದರೆ ಮಗುವಿನ ಆಯಸ್ಸು ಕುಗ್ಗುತ್ತದೆ.

ಯುಶಾನ್ ಕೂತಳು. ಬುಟ್ಟಿ ಕಿರ್ರೆಂದಿತು. ಅಜ್ಜಿ ಗುಂಡನ್ನು ಹೋದ ವರ್ಷದ ಗೆರೆಗೆ ತಂದಳು. ಕೋಲು ಏಳುತ್ತಲೇ ಇತ್ತು. ಇನ್ನಷ್ಟು ಸರಿಸಿದಳು. ಆದರೂ ನಿಲ್ಲಲಿಲ್ಲ.

"ಹಂದಿ ತೂಗೋ ಕೋಲು ತರ್ಲಾ?" ಎಂದ ಯಾರೋ. ನಗು ಎದ್ದಿತು.

ಅಜ್ಜಿ ಗುಂಡು ಬಿಟ್ಟು ತಿರುಗಿದಳು. "ನಗ್ರಿ, ನಗ್ರಿ. ಆಲಿಯನ್, ನನ್ನ ಕೂಸಿಗೆ ಕದ್ದು ಕದ್ದು ತಿನ್ಸಿ ನಿಂಗೇನೇ ಸಿಕ್ತು?"

"ಕದ್ದು? ನಾನು?" ಆಲಿಯನ್ ಸೊಂಟಕ್ಕೆ ಕೈಯಿಟ್ಟಳು. "ನಿನ್ನ ಮೊಮ್ಮಗಳೇ ಹೊಸ್ತಿಲ ಮೇಲೆ ನಿಂತು, ಊಟ ಆಗಿಲ್ಲ ಅಜ್ಜಿ ಅಂದ್ರೆ ಬಾಗಿಲು ಹಾಕ್ಕೊಳ್ಳೋಕಾಗುತ್ತೇನಕ್ಕ? ಸೊಸೆ ಮೇಲಿನ ಸಿಟ್ಟಿಗೆ ಫಂಗಕ್ಕ ಮಗೂನ ಉಪವಾಸ ಕೆಡವ್ತಾಳೆ ಅಂತ ಓಣಿಯೆಲ್ಲ ಮಾತಾಡುತ್ತೆ. ನಾನೊಬ್ಳೇ ಅಲ್ಲ ತಿನ್ಸಿರೋದು!"

ಅಜ್ಜಿ ಅವಳಿಗೆ ಬೆನ್ನು ತಿರುಗಿಸಿದಳು. ಮಗುವನ್ನು ಇಳಿಸಲು ಬುಟ್ಟಿಗೆ ಬಾಗಿ ಕಂಕುಳಿಗೆ ಕೈ ಹಾಕಿದಳು. ಅಂಗಿಯ ಜೇಬು ಗಟ್ಟಿಯಾಗಿ ತಾಗಿತು. ಒಳಗೆ ಬೆರಳಿಟ್ಟರೆ ತಣ್ಣನೆಯ ಹೊಳೆಗಲ್ಲುಗಳು. ಇನ್ನೊಂದು ಜೇಬಿನಲ್ಲೂ ಅವೇ.

"ಇದೇನೇ ಇದು?" ಅಜ್ಜಿ ಪಿಸುಗುಟ್ಟಿದಳು.

ಯುಶಾನ್ ತಲೆ ಎತ್ತಲಿಲ್ಲ. "ಇಳೀದಿದ್ರೆ ಅಮ್ಮ ಬರ್ತಾಳೆ ಅಂದಿದ್ಯಲ್ಲ, ಅಜ್ಜಿ."

ಜನ ಆಲಿಯನ್‌ಳನ್ನು ಸಮಾಧಾನ ಮಾಡುತ್ತಿದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಕಲ್ಲು ತೆಗೆದು ಎಲ್ಲರೆದುರು ಚೆಲ್ಲಿದರೆ ಸಾಕಿತ್ತು. ಮೊದಲಿಂದ ತೂಗಿದರೆ ತೂಕ ಒಂದಿಷ್ಟು ತಗ್ಗುತ್ತಿತ್ತು. ಅಷ್ಟನ್ನೇ ಹಿಡಿದು, ಮಗುವನ್ನು ಇಲ್ಲೇ ಬಿಡೆಂದು ಸೊಸೆಯೊಡನೆ ವಾದಿಸಬಹುದಿತ್ತು. ಅಜ್ಜಿಯ ಬೆರಳು ಜೇಬಿನಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಆಮೇಲೆ ಕೈಯನ್ನು ಬರಿದಾಗಿ ಹೊರತೆಗೆದಳು. ಅಂಗಿ ಎಳೆದು ಜೇಬು ಮುಚ್ಚಿದಳು. ಕೋಲಿನ ಬಳಿ ಹೋಗಿ, ಅದು ನೆಟ್ಟಗೆ ನಿಲ್ಲುವವರೆಗೂ ಗುಂಡನ್ನು ಹೊರಕ್ಕೆ ಸರಿಸಿದಳು.

"ಆಲಿಯನ್," ಅಂದಳು, ಆ ಕಡೆ ನೋಡದೆ, "ನಿನ್ನ ಫೋನ್ ಕೊಡು. ಹುಯಿಲಾನ್‌ಗೆ ಹೇಳ್ಬೇಕು, ಇಳೀಲಿಲ್ಲ ಅಂತ."