ಮಂಚದೆತ್ತರದ ಕಾರು

ಕಾರು ಕೊಳ್ಳಲು ಹೊರಟ ಬಡಗಿ ಕೈಯಲ್ಲಿ ಒಂದು ಕೋಲು ಹಿಡಿದಿದ್ದ. ಕೋಲಿನ ಮೇಲೆ ಪೆನ್ಸಿಲಿನ ಒಂದೇ ಒಂದು ಗೀಟು. ಹೆಂಡತಿಯ ಮಂಚದ ಪಕ್ಕ ಕೋಲು ನಿಲ್ಲಿಸಿ, ಹಲಗೆಯ ಎತ್ತರಕ್ಕೆ ಸರಿಯಾಗಿ ಎಳೆದದ್ದು.

ಆ ಮಂಚ ಅವನದೇ ಕೈಕೆಲಸ. ಲಕ್ವ ಹೊಡೆದು ಹೆಂಡತಿಯ ಎಡಭಾಗ ಸೋತ ಮೇಲೆ, ಮಂಚದ ಕಾಲಿಗೆ ತುಂಡು ಕೂಡಿಸಿ, ಮತ್ತೆ ಹೆರೆದು, ಅವಳು ಯಾರ ಹಂಗೂ ಇಲ್ಲದೆ ತಾನೇ ಏಳುವಂತೆ ಹೊಂದಿಸಿದ್ದ. ಹೋದ ಸಲ ಆಸ್ಪತ್ರೆಯ ಬಾಗಿಲಲ್ಲಿ ಗುರುತಿಲ್ಲದ ಗಂಡಸರಿಬ್ಬರು ಅವಳನ್ನು ಬಾಡಿಗೆ ಕಾರಿನಿಂದ ಮೂಟೆ ಇಳಿಸಿದಂತೆ ಇಳಿಸಿದ್ದರು. ಬಟ್ಟೆ ಮೊಣಕಾಲಿನ ಮೇಲೆ ಸರಿದಿತ್ತು, ನಿಂತವರೆಲ್ಲ ನೋಡಿದ್ದರು. ಅಂದಿನಿಂದ ಅವಳು ಹೊಸಿಲು ದಾಟಿಲ್ಲ. ಈಗ ಊರಿನ ಆ ತುದಿಯಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಇವತ್ತೋ ನಾಳೆಯೋ ಎನ್ನುವ ಸ್ಥಿತಿ.

"ಅಕ್ಕನ್ನ ನೋಡ್ಬೇಕು. ಆದ್ರೆ ನನ್ನನ್ನ ಯಾರೂ ಎತ್ತಕೂಡದು," ಎಂದಿದ್ದಳು.

ಹಳೇ ಕಾರುಗಳ ಅಂಗಳದಲ್ಲಿ, ಜೊತೆಗೆ ಬಂದಿದ್ದ ಭಾವಮೈದ ಬಾನೆಟ್ ಎತ್ತಿ ತಲೆ ತೂರಿಸಿದವನು, ಮೊಸಳೆ ಬಾಯಿಗೆ ಸಿಕ್ಕವನಂತೆ ಹೊರಗೆ ಬರಲೇ ಇಲ್ಲ. ಮಗಳು ಬ್ರೇಕು, ಕ್ಲಚ್ಚು ಒತ್ತಿ ನೋಡಿದಳು, ಓಡಿಸುವವಳು ಅವಳೇ. ಬಡಗಿ ಮಾತ್ರ ಪ್ರತಿ ಕಾರಿನ ಬಾಗಿಲು ತೆರೆದು, ಮುಂದಿನ ಸೀಟಿಗೆ ಕೋಲು ಹಿಡಿದು, ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

"ಯಜಮಾನ್ರೇ, ಕಾರಿಗೆ ಅಂಗಿ ಹೊಲಿಸ್ತೀರಾ?" ಎಂದ ವ್ಯಾಪಾರಿ.

"ಮಾವ, ಸಾಕು ಹೊರಗೆ ಬಾ. ಮುಖಕ್ಕೆಲ್ಲ ಮಸಿ ಆಗಿದೆ," ಎಂದಳು ಮಗಳು.

ಕೊನೆಗೆ ಬಣ್ಣಗೆಟ್ಟ ಒಂದು ಬೂದು ಕಾರಿನ ಸೀಟು ಗೀಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಹಲಗೆಯ ಮೇಲೆ ಸೊಳ್ಳೆ ಕೂತರೂ ಬಾಗು ಕಾಣುವ ಕಣ್ಣು ಅವನದು. "ಇದೇ!" ಎಂದ.

ಭಾವಮೈದ ಮುಂದೆ ಹತ್ತಲು ಹೋದಾಗ ಬಡಗಿ ರಟ್ಟೆ ಹಿಡಿದು ಎಳೆದ. "ಅದು ನಮ್ಮನೆಯವಳ ಸೀಟು. ಮೊದಲು ಅವಳೇ ಕೂರಬೇಕು."

"ಆಯ್ತು ಭಾವ, ಗಾಳಿಯಾದ್ರೂ ಕೂರಬಹುದಾ?"

ದಾರಿಯುದ್ದಕ್ಕೂ ಆ ಸೀಟು ಖಾಲಿಯೇ ಬಂತು. ಗಂಡಸರಿಬ್ಬರೂ ಹಿಂದೆ ಕೂತಿದ್ದರು.

ಮನೆ ಮುಂದೆ ಹೆಂಡತಿ ಊರುಗೋಲಿನಲ್ಲಿ ನಡೆದು ಬಂದು, ಬಾಗಿಲು ಹಿಡಿದು, ಮೆಲ್ಲಗೆ ಕೂತಳು. ಕೂತದ್ದೇ ತಡ, ಸೀಟು ಗೇಣುದ್ದ ಕುಸಿಯಿತು. ಸ್ಪಂಜು ಯಾವತ್ತೋ ಸತ್ತುಹೋಗಿತ್ತು. ಹುಟ್ಟಿದಾಗಿನಿಂದ ಮರವನ್ನೇ ಅಳೆದವನಿಗೆ, ಕೂತರೆ ತಗ್ಗುವ ವಸ್ತುವೂ ಉಂಟೆಂಬುದು ಹೊಳೆದಿರಲಿಲ್ಲ.

ತಾನೇ ಇಳಿಯಬಲ್ಲೆನೇ ಎಂದು ಅವಳು ಏಳಲು ನೋಡಿದಳು. ಆಗಲಿಲ್ಲ. ಮತ್ತೆ ನೋಡಿದಳು. ಹಣೆ ಬೆವರಿತು. ತಮ್ಮ, ಮಗಳು ಇಬ್ಬರೂ ಕೈ ಚಾಚಿದರು.

"ಮುಟ್ಟಬೇಡಿ."

ಅವಳು ಮಡಿಲು ನೋಡುತ್ತ ಕೂತಳು. ಬಡಗಿಗೆ ಅವಳ ಮುಖದಲ್ಲಿ ಆ ಆಸ್ಪತ್ರೆಯ ಬಾಗಿಲೇ ಕಂಡಿತು. ಅಳತೆಯ ಕೋಲನ್ನು ಬದಿಗೆಸೆದು, ಕಾರಿನ ಬಾಗಿಲ ಬಳಿ, ಅವಳ ಬಲಗೈಗೆ ಎಟುಕುವಂತೆ ಮಣ್ಣಿನಲ್ಲಿ ಮಂಡಿಯೂರಿದ.

"ನಾನು ಎತ್ತಲ್ಲ ಕಣೇ. ಮುಟ್ಟೋದೂ ಇಲ್ಲ. ನಾನೊಂದು ಕಂಬ ಅಂದ್ಕೋ. ನೀನೇ ಕೈಯೂರಿ ಏಳು."

ಅವಳು ಅವನ ಹೆಗಲನ್ನು ಅಳೆಯುವಂತೆ ನೋಡಿದಳು.

"ಕಂಬ ಅಲ್ಲಾಡಬಾರದು."

"ಅಲ್ಲಾಡಲ್ಲ."

ಅವಳು ಅವನ ಹೆಗಲ ಮೇಲೆ ಬಲಗೈ ಊರಿದಳು. ಅರ್ಧ ಎದ್ದು, ಧೊಪ್ಪನೆ ಕುಸಿದಳು. ತಮ್ಮ ಮುನ್ನುಗ್ಗಿದ, ಮಗಳು ಅವನ ಅಂಗಿ ಹಿಡಿದು ನಿಲ್ಲಿಸಿದಳು. ತಾಯಿ ಮತ್ತೊಮ್ಮೆ ಕೈ ಊರಿದಳು. ಮೈಭಾರವೆಲ್ಲ ಆ ಹೆಗಲ ಮೇಲೆ ಬಿತ್ತು. ಮಂಡಿಯ ಕೆಳಗೆ ಕಲ್ಲು ಚುಚ್ಚುತ್ತಿತ್ತು. ಅವನು ರೆಪ್ಪೆಯನ್ನೂ ಆಡಿಸಲಿಲ್ಲ.

ಅವಳು ನಿಂತಿದ್ದಳು. ತನ್ನ ಕಾಲ ಮೇಲೆ.

ಕೆಳಗೆ ನೋಡಿ, "ಕಂಬ ಅಳ್ತಿದೆಯಲ್ರೀ," ಎಂದಳು.

"ಹಸಿ ಮರ ಕಣೇ. ಇನ್ನೂ ಸರಿಯಾಗಿ ಒಣಗಿಲ್ಲ."

ಅವಳು ಹೆಗಲಿನಿಂದ ಕೈ ತೆಗೆಯಲಿಲ್ಲ. "ಅಕ್ಕನ ಮನೆ ಬೀದೀಲಿ ಜನ ಜಾಸ್ತಿ. ಅಲ್ಲೂ ಹಿಂಗೇ ಮಂಡಿ ಊರ್ತೀರಾ?"

"ಊರ್ತೀನಿ."

ಅವಳು ಅದೇ ಹೆಗಲು ಹಿಡಿದು ಮತ್ತೆ ಸೀಟಿಗೆ ಇಳಿದಳು. ಈ ಸಲ ಕುಸಿತಕ್ಕೆ ಬೆಚ್ಚಲಿಲ್ಲ.

"ಹಾಗಾದ್ರೆ ಇನ್ನೇನು ನೋಡ್ತಿದೀರಿ? ಹತ್ತಿ. ಅಕ್ಕ ಕಾಯ್ತಿರ್ತಾಳೆ."